ಕಪ್ಪು ಜೇಡಿಯ ಕೆಳಗೆ

ನಾನು ಶಾಲೆ ಬಿಟ್ಟದ್ದು 1977ರಲ್ಲಿ, ಆರನೇ ತರಗತಿಯ ಅರ್ಧಕ್ಕೆ. ಮೊದಲೇ ಹೇಳಿಬಿಡುತ್ತೇನೆ — ಮುಂದೆ ಬರೆಯುವುದಕ್ಕೆಲ್ಲ ಅದೇ ಕಾರಣ ಎಂದು ಯಾರೂ ನನ್ನ ಪರವಾಗಿ ವಾದಿಸಬಾರದು. ಕಡಲ ದಂಡೆಯ ಒಂದು ಊರಿನ ಕುಡಿಯುವ ನೀರಿನ ಬಾವಿಯನ್ನು ಉಪ್ಪು ಮಾಡಿದವನು ನಾನು. ಬೇಡ ಎಂದು ಹೇಳಿಸಿಕೊಂಡ ಮೇಲೂ ಮಾಡಿದೆ. ಆಮೇಲೆ ಆ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ.

ನಮ್ಮದು ಕೂಡ್ಲಿಗಿ ತಾಲೂಕು, ಹೊಸಹಳ್ಳಿ ಕಡೆ. ಅಪ್ಪ ಬಾವಿ ತೋಡುತ್ತಿದ್ದ. ನಾನೂ ಅವನ ಹಿಂದೆ ಇಳಿದೆ. ನಮ್ಮ ನೆಲದಲ್ಲಿ ನೀರು ಬಂಡೆಯ ಕೆಳಗಿರುತ್ತದೆ. ಸೆಲೆ ಕಂಡ ಕೂಡಲೇ ಮೇಲೆ ಹತ್ತಿ ಬಂದವನನ್ನು ನಮ್ಮ ಮಂದಿ ಕೆಲಸಗಾರ ಅನ್ನುವುದಿಲ್ಲ. ನೀರು ಬಿದ್ದ ಮೇಲೆ ಇನ್ನೊಂದಾಳು, ಅಂದರೆ ಒಬ್ಬ ಮನುಷ್ಯನ ಎತ್ತರದಷ್ಟು, ಆಳಕ್ಕೆ ಹೋಗಬೇಕು. ಆ ಒಂದಾಳು ಬೇಸಿಗೆಯ ಪಾಲು. ಅದಕ್ಕೆ ಕೂಲಿ ಕೇಳುವ ಪದ್ಧತಿಯಿಲ್ಲ. ಅದು ತೋಡುವವನ ಮರ್ಯಾದೆ. ಕೊಟ್ಟೂರು, ಹಡಗಲಿ, ಹರಪನಹಳ್ಳಿ — ಎಲ್ಲಿ ಬೇಕಾದರೂ ಕೇಳಿ, ಆ ಮರ್ಯಾದೆಯನ್ನು ನಾನು ಎಲ್ಲಿಯೂ ಕಳೆದುಕೊಂಡಿಲ್ಲ.

ತೊಂಬತ್ತರ ಮೊದಲಲ್ಲಿ ಕಡಲ ದಂಡೆಗುಂಟ ರೈಲು ಹಾದಿ ಬೀಳುತ್ತಿತ್ತು. ಕಲ್ಲು ಒಡೆಯಲು ನಮ್ಮ ಗುಂಪು ಕುಮಟಾದ ಕಡೆ ಹೋಯಿತು. ಆ ಕೆಲಸ ಮುಗಿಯುವ ಹೊತ್ತಿಗೆ ನಮ್ಮನ್ನು ಹುಡುಕಿಕೊಂಡು ಒಂದು ಪ್ರತಿಷ್ಠಾನದವರು ಬಂದರು. ಅದು ಸರ್ಕಾರದ್ದಲ್ಲ, ಒಬ್ಬ ಸಾಹುಕಾರನದ್ದೂ ಅಲ್ಲ. ಆ ದಂಡೆಯ ಊರುಗಳವರೇ — ಮೀನು ವ್ಯಾಪಾರದವರು, ದೋಣಿಯವರು, ಮುಂಬೈಗೆ ದುಡಿಯಲು ಹೋದವರು — ಪಾಲು ಹಾಕಿ ಕಟ್ಟಿದ್ದು. ಯಾವ ಊರಿಗೆ ಏನು ಬೇಕೆಂದು ಆ ಊರಿನವರೇ ಕೂತು ಗೊತ್ತುಮಾಡಬೇಕು. ಪ್ರತಿಷ್ಠಾನ ಸಾಮಾನನ್ನೂ ನಮ್ಮಂಥ ಕಸುಬಿನವರನ್ನೂ ಕೊಡುತ್ತದೆ, ಊರು ಮೈಗೆಲಸ ಕೊಡುತ್ತದೆ, ಊರಿನ ಒಬ್ಬರು ಹೊಣೆ ನಿಲ್ಲುತ್ತಾರೆ. ಕೆಲಸ ಕೆಟ್ಟರೆ ಆ ಊರಿನ ಸರದಿ ಬೇರೆ ಊರಿಗೆ ಹೋಗುತ್ತದೆ.

ನಾವು ಬಾವಿ ತೋಡಲು ಹೋದ ಊರಿನ ಗಂಡಸರಿಗೆ ಬಲೆ ಇಡಲು ಚಪ್ಪರ ಬೇಕಾಗಿತ್ತು. ಮೀನು ಮಾರುವ ಮಾದೇವಿಯಕ್ಕ ಎದ್ದು ನಿಂತು ಬಾವಿಯೇ ಆಗಬೇಕು ಎಂದಳಂತೆ. ಹೆಂಗಸರು ದಿನವೂ ಹೊಳೆಯಾಚೆಯಿಂದ ದೋಣಿಯಲ್ಲಿ ನೀರು ತರುತ್ತಿದ್ದರು. ಗಂಡಸರನ್ನು ಗೆದ್ದು, ಹೊಣೆಯನ್ನೂ ಅವಳೇ ಹೊತ್ತಿದ್ದಳು. ಆ ಊರಲ್ಲಿ ಹೊಣೆ ನಿಂತ ಮೊದಲ ಹೆಂಗಸು. ಜಾಗ ತೋರಿಸಿದ್ದೂ ಅವಳೇ.

"ಇದು ನಿಮ್ಮ ಬದಿ ನೆಲ ಅಲ್ಲ ತಮಾ," ಎಂದಿದ್ದಳು. "ಇಲ್ಲಿ ಸಿಹಿ ಮೇಲೆ, ಉಪ್ಪು ಕೆಳಗೆ. ಕಪ್ಪು ಜೇಡಿ ಕಂಡ ಕೂಡ್ಲೆ ಗುದ್ದಲಿ ಮೇಲೆ ಇಡು. ಒಂದು ಬೊಗಸೆ ಜೇಡಿನೂ ತೆಗೀಬೇಡ."

"ತಿಳೀತು ಬಿಡ್ರಿ ಅಕ್ಕಾರ," ಅಂದೆ.

ತಿಳಿದಿತ್ತು. ಅದನ್ನೇ ಹೇಳುತ್ತಿದ್ದೇನೆ.

ಜೇಡಿ ಕಂಡ ದಿನ ಮಧ್ಯಾಹ್ನ ದಂಡೆಯಲ್ಲಿ ಕೂಗೆದ್ದಿತು — ದೊಡ್ಡ ಬಲೆಗೆ ಮೀನಿನ ಹಿಂಡು ಬಿದ್ದಿತ್ತು. ಅಂಥ ಬಲೆ ಎಳೆಯಲು ಇಡೀ ಊರೇ ಓಡಬೇಕು, ಮಾದೇವಿಯಕ್ಕನೂ ಓಡಿದಳು. ಉಳಿದವರು ನಾವೇ. ನನ್ನ ಹೆಂಡತಿಯ ಅಣ್ಣ ಸಣ್ಣಹನುಮ ಬಾವಿಯ ಬಾಯಿಯಲ್ಲಿ ಕೂತು ನಕ್ಕ.

"ಇದಕ್ಕ ಬಾವಿ ಅಂತಾರೇನಲೇ? ನಮ್ಮೂರಾಗ ಕುರಿಗೆ ನೀರು ಕುಡಸೋ ತೊಟ್ಟಿ ಇದಕ್ಕಿಂತ ಆಳ ಐತಿ. ಬ್ಯಾಸಿಗ್ಯಾಗ ಒಣಗಿದ್ರ, ಕೂಡ್ಲಿಗಿಯವರು ಕೆರದು ಹೋದ್ರು ಅಂತಾರ ನೋಡು."

ಅವನು ತಮಾಷೆಗೆ ಅಂದದ್ದು. ಅವನ ಮೇಲೆ ಹಾಕುವುದಿಲ್ಲ. ಗುಂಪಿಗೆ ಹಿರಿಯ ನಾನು. "ಇನ್ನೊಂದಾಳು ಇಳೀರಿ," ಎಂದವನು ನಾನು. ಮೀನು ದಂಡೆಗೆ ಬರುವಷ್ಟರಲ್ಲಿ ಜೇಡಿಯ ಪದರ ಹರಿದಿತ್ತು, ನೀರು ಬುಗ್ಗೆಯಂತೆ ಎದ್ದಿತ್ತು. ಬೊಗಸೆಯಲ್ಲಿ ಕುಡಿದೆ — ಮೇಲಿನ ನೀರು ಕೂಡಿ ಇನ್ನೂ ಸಿಹಿ. ಆ ಹೊತ್ತು ನನಗಿದ್ದ ಬಿಗುಮಾನ... ಇಡೀ ಕಡಲಿಗೆ ಬುದ್ಧಿ ಕಲಿಸಿದವನಂತೆ ನಿಂತಿದ್ದೆ. ತೆಗೆದ ಜೇಡಿಯನ್ನು ಬಾವಿಯ ಪಕ್ಕದ ಮಣ್ಣುಗುಡ್ಡೆಯ ಅಡಿಯಲ್ಲಿ ಮರಳು ಮುಚ್ಚಿ ಮರೆಮಾಡಿದೆ. ಸರಿ ಎಂದು ನಂಬಿ ಮಾಡಿದ ಕೆಲಸವನ್ನು ಯಾರಾದರೂ ಮರೆಮಾಡುತ್ತಾರೆಯೇ?

ಬೇಸಿಗೆ ನಡುವಿಗೆ ನೀರಿನ ರುಚಿ ಕೆಟ್ಟಿತು, ಮತ್ತೆ ಒಗರಾಯಿತು, ಮತ್ತೆ ಬಾಯಿಗಿಡಲಾಗದಷ್ಟು ಉಪ್ಪಾಯಿತು. ನಾವು ಪಕ್ಕದ ಊರಿನಲ್ಲಿದ್ದೆವು, ಕರೆಸಿದರು. ದೇವಸ್ಥಾನದ ಜಗಲಿಯ ಮೇಲೆ ಪ್ರತಿಷ್ಠಾನದವರು, ಊರ ಗಂಡಸರು. ಮಾದೇವಿಯಕ್ಕ ಒಬ್ಬಳೇ ನನ್ನ ಹತ್ತಿರ ಬಂದಳು. ಸಿಟ್ಟಿರಲಿಲ್ಲ.

"ಜೇಡಿ ದಾಟಿದ್ರಾ ತಮಾ? ಹೇಳು. ದಾಟಿದ್ರೆ ಅಡಿಗೆ ಜೇಡಿ ತುಂಬಿ ಮೆಟ್ಟಿದ್ರೆ ಇನ್ನೂ ಉಳೀತದೆ. ಇಲ್ಲ ಅಂದ್ರೆ ಜಾಗದ್ದೇ ದೋಷ, ಮುಚ್ಚೂದೇ ಸೈ."

ದಾರಿಯನ್ನೂ ಅವಳೇ ತೋರಿಸಿದ್ದಳು. ನಾನು ಹೂಂ ಅಂದಿದ್ದರೆ ಸಾಕಿತ್ತು.

"ನೀವು ಹೇಳಿದಷ್ಟ ತೋಡೀವ್ರಿ. ಜಾಗಾ ಆರಿಸಿದಾಕಿ ನೀವು," ಎಂದೆ. ಎಲ್ಲರಿಗೂ ಕೇಳುವಂತೆ ಎಂದೆ.

ಜಗಲಿಯ ಮೇಲಿದ್ದ ಒಬ್ಬ ಮುದುಕ, "ಹೆಂಗಸು ಹೊಣೆ ನಿಂತ ಮೇಲೆ ಇನ್ನೆಂಥದು, ಉಪ್ಪೇ ಸೈ," ಎಂದ. ಗಂಡಸರೆಲ್ಲ ನಕ್ಕರು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು — ಗೊತ್ತಾಗಿಯೂ... ಸಭೆಯಿಂದ ಹೊರಟುಹೋದಳು. ಬಾವಿ ಮುಚ್ಚಿದರು. ಸರದಿ ಬೇರೆ ಊರಿಗೆ ಹೋಯಿತು. ಹೆಂಗಸರು ಮತ್ತೆ ದೋಣಿ ಹತ್ತಿದರು. ಆ ಊರಲ್ಲಿ ಆಮೇಲೆ ಯಾವ ಹೆಂಗಸನ್ನೂ ಹೊಣೆ ನಿಲ್ಲಿಸಲಿಲ್ಲವಂತೆ.

ಈಚೆಗೆ ಪ್ರತಿಷ್ಠಾನದ ತರುಣರೊಬ್ಬರು ಕೊಟ್ಟೂರಿನವರೆಗೆ ನನ್ನನ್ನು ಹುಡುಕಿಕೊಂಡು ಬಂದರು. ಈಗ ಆ ಊರುಗಳಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸುತ್ತಿದ್ದಾರೆ; ಹಳೆಯ ಕೆಲಸಗಳು ಎಲ್ಲಿ ತಪ್ಪಿದವು ಎಂದು ಕೆಲಸಗಾರರನ್ನೇ ಕೇಳುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು ಸಮಾಧಾನ ಮಾಡಿದರು: "ನಿಮಗೆ ಕಡಲ ಕಡೆಯ ನೆಲ ಗೊತ್ತಿರಲಿಲ್ಲ. ಓದಿದವರೂ ಅಲ್ಲ. ತಿಳಿಸಿ ಹೇಳದ್ದು ನಮ್ಮ ತಪ್ಪು."

ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ತಾಳುತ್ತಿದ್ದೆ. ಓದಿಲ್ಲದವನು ಸುಳ್ಳು ಹೇಳಲೂ ಬಾರದವನೆಂದು ತಿಳಿದಿದ್ದಾರೆಯೇ?

"ಗೊತ್ತಿತ್ರೀ," ಎಂದೆ. "ಮಾದೇವಿಯಕ್ಕ ಬಿಡಿಸಿ ಬಿಡಿಸಿ ಹೇಳಿದ್ಲು. ಜೇಡಿ ಹರದಾಂವ ನಾನು. ಸುಳ್ಳು ಹೇಳಿದಾಂವನೂ ನಾನ."

ಅವರು ಚಹಾದ ಲೋಟ ಕೆಳಗಿಟ್ಟರು. ಆ ಊರಿಗೇ ಹೋಗಿ ಎಲ್ಲರೆದುರು ಹೇಳುತ್ತೇನೆ ಎಂದೆ; ಹಳೆಯದನ್ನು ಕೆದಕುವುದು ಬೇಡವೇನೋ ಎಂದರು ಅವರು. ಸಣ್ಣಹನುಮನೂ ಅದನ್ನೇ ಅಂದ: "ಊರು ಬಿಟ್ಟು ಊರಿಗೆ ಹೋಗಿ ಚಪ್ಪಲಿ ಹಾರ ಹಾಕಿಸ್ಕೊಂತೀಯೇನಲೇ?"

ಹಾಕಿದರೆ ಹಾಕಲಿ. ಕೊರಳು ನನ್ನದು.

ಮಾದೇವಿಯಕ್ಕ ಇದ್ದಾಳಂತೆ, ಈಗಲೂ ಮೀನು ಮಾರುತ್ತಾಳಂತೆ. ಅಕ್ಕಾ, ಕ್ಷಮೆ ಕೇಳಲು ಬರುತ್ತಿಲ್ಲ. ಅದನ್ನು ಕೊಡುವ ಭಾರವನ್ನೂ ನಿನ್ನ ಮೇಲೆ ಹಾಕಲಾರೆ. ಅದೇ ಜಗಲಿಯ ಮುಂದೆ, ಅಂದು ನಕ್ಕವರೂ ಅವರ ಮಕ್ಕಳೂ ಕೂತಿರುವಾಗ, ಇದನ್ನು ನಾನೇ ನಿಂತು ಓದುತ್ತೇನೆ. ನೀನು ತೋರಿಸಿದ ಜಾಗ ಸರಿಯಾಗಿತ್ತು. ನೀನು ಹೇಳಿದ ಆಳ ಸರಿಯಾಗಿತ್ತು. ಅಲ್ಲಿ ತೊಟ್ಟಿಯ ಗುಂಡಿ ತೋಡುವ ಕೆಲಸ ಕೊಟ್ಟರೆ ತೋಡುತ್ತೇನೆ, ಎಲ್ಲಿ ನಿಲ್ಲು ಅನ್ನುತ್ತೀಯೋ ಅಲ್ಲಿ ನಿಲ್ಲುತ್ತೇನೆ. ಕೊಡದಿದ್ದರೆ ಓದಿ ಮುಗಿಸಿ ಬಸ್ಸು ಹತ್ತುತ್ತೇನೆ.

ಈಗ ನನಗಿರುವುದು ಇಷ್ಟು: ಹೊಸಹಳ್ಳಿಯಲ್ಲಿ ಮೂರು ಖೋಲಿಯ ಮನೆ, ಕಲ್ಲು ಕೊರೆಯುವ ಯಂತ್ರ ಕಟ್ಟಿದ ಒಂದು ಟ್ರ್ಯಾಕ್ಟರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ತೋಡಿದ ಬಾವಿ ಅರವತ್ತೊಂದು. ಕೆಡಿಸಿದ್ದು ಒಂದು.