ನೇತ್ರಾವತಿಯನ್ನು ತಿರುಗಿಸದ ಮುರ್ಶಿದಾ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫ್ರೇಮ್ ಅಂಗಡಿ ನಡೆಸುವ ಮುರ್ಶಿದಾಳಿಗೆ ಈಗ ನಲವತ್ತೇಳು ವರ್ಷ. ಬಂಟ್ವಾಳದ ಹೊಳೆಬದಿಯಲ್ಲಿ ಹುಟ್ಟಿದವಳು. ಏಳನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದವಳು. ಮದುವೆಯಾಗಿ ಬಂದ ಮೇಲೆ ಮಾವ ಮೂಸಾಕರ ಅಂಗಡಿಯಲ್ಲಿ ಗಾಜು ಕೊಯ್ಯಲು ಕಲಿತವಳು. ಬೀಡಿ ಎಲೆಯನ್ನು ಅಳತೆ ತಪ್ಪದೆ ಕತ್ತರಿಸಿದ ಕೈಗೆ ಗಾಜು ಬಹುಬೇಗ ಒಲಿಯಿತು.

ಆ ಅಂಗಡಿಗೆ ಒಂದು ಪದ್ಧತಿಯಿತ್ತು. ವರ್ಷ ಮುಗಿದ ಕ್ಯಾಲೆಂಡರಿನ ದೇವರ ಚಿತ್ರವನ್ನೋ ಮಕ್ಕಾದ ಚಿತ್ರವನ್ನೋ ಜನ ಕಟ್ಟು ಹಾಕಿಸಲು ತರುತ್ತಾರೆ. ಅದರ ಕೆಳಗೆ ಯಾವುದೋ ಬಟ್ಟೆಯಂಗಡಿಯ ಜಾಹೀರಾತಿನ ಪಟ್ಟಿಯಿರುತ್ತದೆ. ಗಿರಾಕಿಯನ್ನು ಕೇಳದೆಯೇ ಆ ಪಟ್ಟಿಯನ್ನು ಕತ್ತರಿಸಿ ಎಸೆಯಬೇಕು. ದೇವರ ಕಾಲಡಿಯಲ್ಲಿ ಸೀರೆಯ ರಿಯಾಯಿತಿ ಇರಬಾರದು ಎಂಬುದು ಮೂಸಾಕರ ಧರ್ಮ. ಮುರ್ಶಿದಾ ಆ ಧರ್ಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಅದೇ ಆಕೆಗೆ ಮುಳುವಾಯಿತು.

ಹದಿಮೂರು ವರ್ಷಗಳ ಹಿಂದೆ, ಭೂಗೋಳ ಕಲಿಸಿ ನಿವೃತ್ತರಾಗಿದ್ದ ಸುಲೈಮಾನ್ ಮೇಷ್ಟ್ರು ಉಜಿರೆಯಿಂದ ಒಂದು ಕಾಗದದ ಸುರುಳಿ ತಂದರು. ಯಾವುದೋ ಕಾಲದ ಕರಾವಳಿ ನಕ್ಷೆಯ ಪ್ರತಿ. ಅದರ ಕೆಳಗೂ ಸಣ್ಣ ಅಕ್ಷರದ ಪಟ್ಟಿಯಿತ್ತು. ಮುರ್ಶಿದಾ ಹಿಂದುಮುಂದು ನೋಡದೆ ಕತ್ತರಿಸಿದಳು. ಮೇಷ್ಟ್ರು ಬಂದು, ಹೊಳೆಯುವ ಚೌಕಟ್ಟನ್ನು ಬಹಳ ಹೊತ್ತು ನೋಡಿದರು.

"ಅಳತೆಗೋಲು ಇತ್ತು, ಇಸವಿ ಇತ್ತು, ಬರೆದವನ ಹೆಸರು ಇತ್ತು. ನಕ್ಷೆಯ ಕಾಲನ್ನೇ ಕತ್ತರಿಸಿದಿರಲ್ಲ, ತಾಯಿ! ಇನ್ನು ಇದು ನಿಲ್ಲುವುದು ಎಲ್ಲಿ?"

ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡಬಹುದಿತ್ತು. ಆ ಚೌಕಟ್ಟನ್ನು ಅಂಗಡಿಯಲ್ಲಿಯೇ ಬಿಟ್ಟು, ಕೊಡೆ ಊರಿಕೊಂಡು ಹೊರಟುಹೋದರು.

ಮುಂದಿನ ಜೂನಿನಲ್ಲಿ ಮುರ್ಶಿದಾ ಸಂಜೆ ತರಗತಿಗೆ ಹೆಸರು ಬರೆಸಿದಳು. ಅಂಗಡಿಯ ಬಾಗಿಲು ಹಾಕಿ, ಕೈಯ ಗೋಂದನ್ನು ತೊಳೆದು, ಮಗನ ವಯಸ್ಸಿನವರ ಪಕ್ಕದಲ್ಲಿ ಕುಳಿತು ಎಸ್‌ಎಸ್‌ಎಲ್‌ಸಿ ಓದಿದಳು. ಗಣಿತದಲ್ಲಿ ದಡ ಸೇರಿದ್ದೇ ಹೆಚ್ಚು. ಆದರೆ ಸಮಾಜ ವಿಜ್ಞಾನದಲ್ಲಿ ನಕ್ಷೆ ಬಿಡಿಸಿ ಸ್ಥಳ ಗುರುತಿಸುವ ಪ್ರಶ್ನೆಗೆ ಆಕೆಗೆ ಪೂರ್ಣ ಅಂಕ. ಆ ಉತ್ತರಪತ್ರಿಕೆಯ ನಕಲನ್ನು ತರಿಸಿಕೊಂಡು ತಾನೇ ಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದಳು. ನಕ್ಕವರು ನಕ್ಕರು.

ಆಮೇಲೆ ಬಂದದ್ದು ನಕ್ಷೆಗಳ ಕೆಲಸ. ಗ್ರಂಥಾಲಯಗಳು ಎಲ್ಲರಿಗೂ ತೆರೆದಿಟ್ಟ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಹತ್ತಿಯ ದಪ್ಪ ಕಾಗದದ ಮೇಲೆ ಮುದ್ರಿಸಿ, ತೇಗದ ಚೌಕಟ್ಟು ಹಾಕಿ ಕೊಡುತ್ತಾಳೆ. ಮೂಲದಲ್ಲಿ ಹುಳ ತಿಂದ ತೂತಿದ್ದರೆ ಪ್ರತಿಯಲ್ಲಿಯೂ ಅದರ ಗುರುತಿರುತ್ತದೆ. ಶಾಯಿ ಚೆಲ್ಲಿದ್ದರೆ ಆ ಕಲೆಯೂ ಇರುತ್ತದೆ. ಪ್ರತಿಯೊಂದು ಚೌಕಟ್ಟಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಸಹಿ ಹಾಕುತ್ತಾಳೆ: 'ಇದು ಪ್ರತಿ, ಮೂಲವಲ್ಲ. ಮೂಲದ ಒಂದು ಗೆರೆಯನ್ನೂ ನಾನು ಬದಲಾಯಿಸಿಲ್ಲ.'

ಈ ವರ್ಷ ಆಕೆಯ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಬಂತು. ಬಂಟ್ವಾಳದ ಜಿತೇಶ್ ಮಸ್ಕತ್ತಿನಲ್ಲಿ ಹೋಟೆಲು ನಡೆಸಿ ಬಂದವನು. ಉಜಿರೆಯಿಂದ ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಹೊಸ ಲಾಡ್ಜ್ ಕಟ್ಟಿಸಿದ್ದ. ಮುಂದಿನ ಹಜಾರಕ್ಕೆ ನೇತ್ರಾವತಿಯ ಹಳೆಯ ನಕ್ಷೆ, ಆರು ಅಡಿ ಅಗಲದ್ದು, ಬೇಕು. ಅದು ಒಪ್ಪಿಗೆಯಾದರೆ ಇಪ್ಪತ್ತನಾಲ್ಕು ಕೋಣೆಗಳಿಗೂ ನಕ್ಷೆಗಳು ಆಕೆಯವೇ. ನಾಲ್ಕು ತಿಂಗಳು ದುಡಿದು, ಉದ್ಘಾಟನೆಗೆ ನಾಲ್ಕು ದಿನವಿರುವಾಗ, ಮುರ್ಶಿದಾ ಮತ್ತು ಆಕೆಯ ಗಂಡ ಅಬ್ದುಲ್ ವಹಾಬ್ ಅದನ್ನು ಪಿಕಪ್ಪಿನಲ್ಲಿ ತಂದು, ಹಜಾರದ ಎಡಗೋಡೆಗೆ ಏರಿಸಿದರು. ಬಲಗಡೆ ಘಟ್ಟ, ಎಡಗಡೆ ಬಾಗಿಲ ಪಕ್ಕಕ್ಕೆ ಸಮುದ್ರ, ನಡುವೆ ನೀಲಿ ನರದಂತೆ ನೇತ್ರಾವತಿ.

ಜಿತೇಶ್ ಫೋನಿನಲ್ಲಿ ಚಿತ್ರ ತೆಗೆದು ವಾಸ್ತು ನೋಡುವವರಿಗೆ ಕಳುಹಿಸಿದ. ಉತ್ತರ ಬಂದಾಗ ಅವನ ಮುಖ ಸಣ್ಣದಾಯಿತು.

"ಮುರ್ಶಿದಕ್ಕ, ಒಂದು ತೊಂದರೆ ಉಂಟು. ಹೊಳೆ ಬಾಗಿಲಿನ ಕಡೆಗೆ ಹರೀತಾ ಉಂಟಂತೆ. ಬಂದ ಲಕ್ಷ್ಮಿ ಹಾಗೇ ಹೊರಗೆ ಹೋಗ್ತಾಳಂತೆ."

"ಅದಕ್ಕೆ?"

"ನಕ್ಷೆಯನ್ನು ಎಡಬಲ ತಿರುಗಿಸಿ ಕೊಡಿ. ಹೆಸರುಗಳನ್ನು ಮಾತ್ರ ಸರಿಮಾಡಿ ಕೂರಿಸಿದರೆ ಆಯ್ತು. ಮಂಗಳೂರಿನ ಫ್ಲೆಕ್ಸಿನವರನ್ನು ಕೇಳಿದೆ. ಎರಡು ದಿನದ ಕೆಲಸ ಅಂದ್ರು."

"ತಿರುಗಿಸಿದರೆ ಅರಬ್ಬೀ ಸಮುದ್ರ ಚಾರ್ಮಾಡಿ ಘಾಟಿಯಲ್ಲಿ ಇರ್ತದೆ, ಜಿತೇಶಣ್ಣ. ಮೀನಿನ ಲಾರಿಯವರಿಗೆ ಒಳ್ಳೆಯದಾಯ್ತು."

ಮೂಲೆಯ ಕುರ್ಚಿಯಲ್ಲಿದ್ದ ಜಿತೇಶನ ತಂದೆ ಸುಬ್ಬಯ್ಯನವರು ಗಹಗಹಿಸಿ ನಕ್ಕರು. ಮಗ ನಗಲಿಲ್ಲ.

"ಬರುವ ಯಾತ್ರಿಕರಿಗೆ ಇದೆಲ್ಲ ಎಂತ ಗೊತ್ತಾಗ್ತದೆ ಅಕ್ಕ?"

"ನನಗೆ ಗೊತ್ತಾಗ್ತದೆ. ಹಿಂದೆ ಚೀಟಿ ಉಂಟು, ಅದರಲ್ಲಿ ನನ್ನ ಸಹಿ ಉಂಟು. ಹೊಳೆಯನ್ನು ಘಟ್ಟಕ್ಕೆ ಹತ್ತಿಸಿ ಸಹಿ ಹಾಕ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಹಾಗಾದರೆ ನಾಳೆ ಬೆಳಿಗ್ಗೆ ನಾನು ಮಂಗಳೂರಿಗೆ ಹೇಳಬೇಕಾಗ್ತದೆ. ಕೋಣೆಗಳದ್ದೂ ಅವರಿಗೇ."

"ನಿಮ್ಮ ಗೋಡೆ, ನಿಮ್ಮ ಇಷ್ಟ," ಎಂದು ಮುರ್ಶಿದಾ ಸುತ್ತಿಗೆಯನ್ನು ಚೀಲಕ್ಕೆ ಹಾಕಿದಳು. ಚೀಲದ ಬಾಯಿಯನ್ನು ಬಿಗಿದಳು.

ಹಿಂತಿರುಗುವ ದಾರಿಯುದ್ದಕ್ಕೂ ವಹಾಬ್ ಗೊಣಗಿದ. "ಒಂದು ಗುಂಡಿ ಒತ್ತಿದರೆ ತಿರುಗ್ತದೆ. ಕಂಪ್ಯೂಟರಿಗೆ ಪಾಪ ಪುಣ್ಯ ಉಂಟಾ?"

"ಒತ್ತುವ ಬೆರಳಿಗೆ ಉಂಟು."

"ನಿನ್ನ ಬೆರಳು ಬೇಡ ಮಾರಾಯ್ತಿ, ನನ್ನದು ಕೊಡ್ತೇನೆ."

"ನಿಮ್ಮ ಬೆರಳಿಗೆ ಹಾರ್ನ್ ಯಾವುದು ಅಂತ ಗೊತ್ತಾದರೆ ಸಾಕು. ದಾರಿ ನೋಡಿ."

ಮುರ್ಶಿದಾ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಇಪ್ಪತ್ತನಾಲ್ಕು ಕೋಣೆಗಳ ನಕ್ಷೆಗಳು ಒಂದೊಂದಾಗಿ ಕೈಬಿಟ್ಟುಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು. ಗುರುವಾಯನಕೆರೆ ಬಂತು. ಬೆಳಿಗ್ಗೆ ಬರುವಾಗ ಆಕೆಯ ಕಿಟಕಿಯಲ್ಲಿ ಕಂಡಿದ್ದ ಕೆರೆ ಈಗ ವಹಾಬನ ಕಿಟಕಿಯಲ್ಲಿ ಮಿನುಗುತ್ತಿತ್ತು. ಮುರ್ಶಿದಾ ಅದನ್ನೇ ದಿಟ್ಟಿಸಿದಳು. ಕೆರೆಯನ್ನು ಯಾರೂ ಎತ್ತಿ ಆಚೆ ಇಟ್ಟಿಲ್ಲ. ತಿರುಗಿದ್ದು ಪಿಕಪ್ಪು.

"ನಿಲ್ಲಿಸಿ!"

ವಹಾಬ್ ಗಾಬರಿಯಿಂದ ಬ್ರೇಕ್ ಒತ್ತಿದ. "ಎಂತ ಆಯ್ತು? ಗಾಜು ಕೊಯ್ಯುವ ವಜ್ರ ಮರೆತು ಬಂದೆಯಾ?"

"ಗಾಡಿ ತಿರುಗಿಸಿ. ನಕ್ಷೆ ತಿರುಗಿಸುವುದು ಬೇಡ, ಗೋಡೆ ಬದಲಾಯಿಸಿದರೆ ಸಾಕು."

ಲಾಡ್ಜಿನ ಬಲಗೋಡೆಯಲ್ಲಿ ಒಂದು ದೊಡ್ಡ ಟಿ.ವಿ. ಇತ್ತು. ಆ ಗೋಡೆ ಟಿ.ವಿ.ಗೆಂದೇ ಹುಟ್ಟಿದ್ದೆಂದು ಎಲ್ಲರೂ ನಂಬಿದ್ದರು. ಮುರ್ಶಿದಾ ಒಳಗೆ ಬಂದವಳೇ ಅದರತ್ತ ಕೈ ತೋರಿಸಿದಳು.

"ಇದನ್ನು ಇಳಿಸಿ."

"ಅದು ಹೊಸತು ಅಕ್ಕ! ಮೊನ್ನೆ ಹಾಕಿದ್ದು!" ಎಂದ ಜಿತೇಶ್.

ಸುಬ್ಬಯ್ಯನವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಇಳಿಸು ಮಾರಾಯ. ಅದರಲ್ಲಿ ಬರುವುದು ಸೀರಿಯಲ್ಲಿನ ಅಳು. ಅದು ಬಾಗಿಲ ಕಡೆಗೆ ಹರಿದರೇ ಒಳ್ಳೆಯದು."

ಟಿ.ವಿ. ಇಳಿಯಿತು. ನಾಲ್ವರು ಕೆಲಸದವರು ಎಡಗೋಡೆಯ ನಕ್ಷೆಯನ್ನು ಹೊತ್ತು ತಂದು ಬಲಗೋಡೆಗೆ ಹಿಡಿದರು. ಮುರ್ಶಿದಾ ಜಿತೇಶನನ್ನು ಬಾಗಿಲ ಹೊರಗೆ ಕಳುಹಿಸಿ, ಗಿರಾಕಿಯಂತೆ ಒಳಗೆ ಬರಲು ಹೇಳಿದಳು. ಅವನ ಬಲಗೈಯ ಬೆರಳನ್ನು ಈಗ ಬಾಗಿಲ ಪಕ್ಕಕ್ಕೆ ಬಂದಿದ್ದ ಘಟ್ಟದ ಬುಡದಲ್ಲಿಡಲು ಹೇಳಿ, ಹೊಳೆಯ ಜೊತೆ ನಡೆಯಿರಿ ಎಂದಳು. ಬೆರಳು ಧರ್ಮಸ್ಥಳವನ್ನು ದಾಟಿ ಬಂಟ್ವಾಳಕ್ಕೆ ಬರುವಾಗ ಜಿತೇಶ್ ಬಾಗಿಲಿನಿಂದ ಐದು ಹೆಜ್ಜೆ ಒಳಗೆ ಬಂದಿದ್ದ.

"ಈಗ ಹೇಳಿ. ಹೊಳೆ ಯಾವ ಕಡೆಗೆ ಹರೀತಾ ಉಂಟು?"

ಜಿತೇಶ್ ಬಾಗಿಲನ್ನೂ ನಕ್ಷೆಯನ್ನೂ ಎರಡು ಸಲ ನೋಡಿದ. "ಒಳಗೆ," ಎಂದ. ಆಮೇಲೆ ತಾನೇ ನಗತೊಡಗಿದ. "ಒಂದು ಗೆರೆಯೂ ಬದಲಾಗದೆ ಒಳಗೆ!"

ವಾಸ್ತುವಿನವರಿಗೆ ವಿಡಿಯೊ ಕರೆ ಹೋಯಿತು. ಅವರು ತಲೆಯಾಡಿಸಿದರು. ಜಿತೇಶ್ ಅಲ್ಲಿಯೇ ನಿಂತು ಫ್ಲೆಕ್ಸಿನವರಿಗೆ ಕೆಲಸ ಬೇಡವೆಂದು ತಿಳಿಸಿದ. ವಹಾಬ್ ಹೆಂಡತಿಯ ಕಿವಿಯ ಬಳಿ ಬಂದು ಪಿಸುಗುಟ್ಟಿದ: "ಗಾಡಿ ತಿರುಗಿಸಿದ್ದು ನಾನು. ಚೀಟಿಯಲ್ಲಿ ನನ್ನ ಸಹಿಯೂ ಇರಲಿ."

"ಇನ್ನೊಂದು ಜನ್ಮದಲ್ಲಿ," ಎಂದಳು ಮುರ್ಶಿದಾ. ಆದರೆ ಆ ದಿನ ಮೊದಲ ಸಲ ನಕ್ಕಳು.

ಉದ್ಘಾಟನೆಯ ದಿನ ಹಜಾರದಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಬಂದವರೆಲ್ಲ ಬಲಗೋಡೆಯ ಮುಂದೆ ನಿಂತು ತಮ್ಮ ತಮ್ಮ ಊರನ್ನು ಹುಡುಕಿದರು. ಬೆಳ್ತಂಗಡಿಯ ಬಸ್ಸಿನ ಡ್ರೈವರ್ ಒಬ್ಬ, ತಾನು ದಿನಾ ಓಡಿಸುವ ದಾರಿ ಇನ್ನೂರು ವರ್ಷದ ಹಿಂದೆಯೇ ವಕ್ರವಾಗಿತ್ತೆಂದು ಎಲ್ಲರಿಗೂ ತೋರಿಸಿದ. ಸುಬ್ಬಯ್ಯನವರು ಬಂಟ್ವಾಳದ ಕಟ್ಟೆಯ ಮೇಲೆ ಬೆರಳಿಟ್ಟು, "ನನ್ನ ಅಜ್ಜನ ದೋಣಿ ಇಲ್ಲಿ ನಿಲ್ಲುತ್ತಿತ್ತು," ಎಂದು ಹತ್ತು ಜನರಿಗೆ ಹೇಳಿದರು. ಗಾಜಿನ ತುಂಬ ಬೆರಳ ಗುರುತುಗಳು. ಒರೆಸಲು ಬಂದವಳನ್ನು ಜಿತೇಶ್ ತಡೆದ. ಇಪ್ಪತ್ತನಾಲ್ಕು ಕೋಣೆಗಳ ಪಟ್ಟಿಯನ್ನು ಆಗಲೇ ಮುರ್ಶಿದಾಳ ಕೈಗೆ ಕೊಟ್ಟಿದ್ದ.

ಊಟದ ಹೊತ್ತಿಗೆ ಕೊಡೆ ಊರಿಕೊಂಡು ಒಬ್ಬರು ಮುದುಕರು ಬಂದರು. ಉಜಿರೆಯ ಸುಲೈಮಾನ್ ಮೇಷ್ಟ್ರು. ಅವರು ಹೊಳೆಯನ್ನೂ ನೋಡಲಿಲ್ಲ, ಊರನ್ನೂ ಹುಡುಕಲಿಲ್ಲ. ಕನ್ನಡಕ ಏರಿಸಿಕೊಂಡು, ಕಷ್ಟಪಟ್ಟು ಬಾಗಿ, ನಕ್ಷೆಯ ಕೆಳಗಿನ ಪಟ್ಟಿಯನ್ನು ಓದಿದರು: ಅಳತೆಗೋಲು, ಇಸವಿ, ಬರೆದವನ ಹೆಸರು. ಮುರ್ಶಿದಾ ಹಿಂದೆ ನಿಂತಿದ್ದಳು. ಹದಿಮೂರು ವರ್ಷ ಆಕೆ ಕಾದದ್ದು ಈ ಒಂದು ಗಳಿಗೆಗಾಗಿ.

ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದರು.

"ಕಾಲು ಉಂಟು," ಎಂದರು.

"ಉಂಟು ಸಾರ್," ಎಂದಳು ಮುರ್ಶಿದಾ, ತಲೆಯೆತ್ತಿ. "ಅಳತೆಗೋಲೂ ಉಂಟು. ಬೇಕಾದರೆ ಅಳೆದು ನೋಡಿ."

ಮೇಷ್ಟ್ರು ಜೇಬಿನಿಂದ ಸುರುಳಿ ಸುತ್ತಿದ ಅಳತೆಪಟ್ಟಿ ತೆಗೆದು, ಗಾಜಿನ ಮೇಲಿಟ್ಟು, ಧರ್ಮಸ್ಥಳದಿಂದ ಬಂಟ್ವಾಳದವರೆಗೆ ನಿಜವಾಗಿಯೂ ಅಳೆದರು. ಮುರ್ಶಿದಾ ಅಳತೆಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.