ಚಿನ್ನದ ನಾಣ್ಯದ ಮೇಲಿನ ಕಲೆ

ನನ್ನ ಗಂಡ ಕೊಗ್ಗನಿಗೆ ಕಲೆ ಕಂಡರೆ ಆಗುವುದಿಲ್ಲ. ನಾನು ಚಾ ಕುಡಿದು ಮುಗಿಸುವ ಮೊದಲೇ ಲೋಟ ತೊಳೆಯಲು ಕೈ ಚಾಚುವ ಮನುಷ್ಯ. ಅರಬ್ ನಾಡಿನ ಅಲ್ ಖುವೈರಿನಲ್ಲಿ, ಮಸೂದ್ ಬಾಬಾರ ಮನೆಯಲ್ಲಿ ನಾನು ಅಡುಗೆಗೆ, ಇವರು ಉಳಿದ ಕೆಲಸಕ್ಕೆ. ಒಂಟಿ ಮುದುಕ ಬಾಬಾ ಎಂದರೆ ಇವರಿಗೆ ಜೀವ. ನನಗೆ ಜ್ವರ ಬಂದರೆ ಒಂದು ಮಾತ್ರೆ. ಬಾಬಾ ಸೀನಿದರೆ ಊರಿಗೆಲ್ಲ ಡಂಗುರ!

ಬಾಬಾ ಹುಟ್ಟಿದ್ದು ಆಫ್ರಿಕದಲ್ಲಿ. ಆ ದೇಶ ಸ್ವತಂತ್ರವಾದಾಗ ನೆನಪಿಗೆಂದು ಚಿನ್ನದ ನಾಣ್ಯ ಹೊರಡಿಸಿದರಂತೆ. ಸರ್ಕಾರಿ ನೌಕರಿಯಲ್ಲಿದ್ದ ಅವರ ಅಪ್ಪನಿಗೂ ಒಂದು ಸಿಕ್ಕಿತು. ಸ್ವಲ್ಪ ದಿನಕ್ಕೇ ಗಲಭೆ. ಅಪ್ಪ ನಾಣ್ಯದ ಡಬ್ಬಿಯನ್ನು ಮಗನ ಅಂಗಿಯೊಳಗೆ ತುರುಕಿ, ತಾಯಿ ಮಗ ಇಬ್ಬರನ್ನೂ ಇಲ್ಲಿಗೆ ಬರುವ ಹಡಗು ಹತ್ತಿಸಿ, ತಾನು ಹಿಂದೆ ಉಳಿದ. ಮತ್ತೆ ಸಿಗಲಿಲ್ಲ. ಫೋಟೋ ಇಲ್ಲ, ಗೋರಿ ಇಲ್ಲ. ಕನ್ನಡಿಯಂಥ ಆ ನಾಣ್ಯದ ಮೇಲೆ ಅಪ್ಪನ ಹೆಬ್ಬೆರಳಿನ ಗುರುತು ಮಾತ್ರ ಕಂದಿ ಉಳಿದಿತ್ತು. ಶುಕ್ರವಾರದ ನಮಾಜು ಮುಗಿಸಿ ಬಂದು ಬಾಬಾ ಭೂತಗನ್ನಡಿ ಹಿಡಿದು ಅದನ್ನೇ ನೋಡುತ್ತಿದ್ದರು. ನಮಗೆ ನಾಣ್ಯದ ಕಥೆಯೆಲ್ಲ ಹೇಳಿದ್ದರು, ಆ ಗುರುತಿನದೊಂದನ್ನು ಬಿಟ್ಟು. ನಾವು ಅದನ್ನು ಕೊಳೆ ಎಂದುಕೊಂಡಿದ್ದೆವು.

ಕಣ್ಣಿನ ಪೊರೆ ತೆಗೆಸಲು ಬಾಬಾ ಆಸ್ಪತ್ರೆಗೆ ಹೋದರು. ಅವರು ಮರಳುವ ದಿನವೇ ನಮಗೆ ಆಯುಧ ಪೂಜೆ. ಇವರು ಕತ್ತಿ, ಸ್ಪ್ಯಾನರು, ಕಾರು ಎಲ್ಲ ತೊಳೆದು ಒಳಗೆ ಬಂದರು.

"ಬಾಬಾನ ನಾಣ್ಯದಲ್ಲಿ ಕಲೆ ಉಂಟು ಮಾರಾಯ್ತಿ. ಅಪ್ಪ ಕೊಟ್ಟದ್ದಲ್ವಾ? ಹೊಸ ಕಣ್ಣಲ್ಲಿ ನೋಡುವಾಗ ಫಳಫಳ ಅನ್ನಬೇಕು. ಊರಿಂದ ತಂದ ಅಂಟುವಾಳ ಉಂಟಲ್ಲ, ಸ್ವಲ್ಪ ಕೊಡು."

"ಕೇಳದೆ ಮುಟ್ಟುದು ಬೇಡ."

"ಊರಲ್ಲಿ ದೈವದ ಬಂಗಾರ ತೊಳೆದ ಕೈ ಇದು!"

ಅಂಟುವಾಳದ ನೊರೆಯಲ್ಲಿ ಉಜ್ಜಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹೂವಿಟ್ಟು ಕೈ ಮುಗಿದರು.

ಬಾಬಾ ಬಂದವರೇ ಡಬ್ಬಿ ಕೇಳಿದರು. ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿ, ಹಿಂದಿಯಲ್ಲಿ ಕೇಳಿದರು: "ಇದು ಯಾರ ಬೆರಳು?"

"ನನ್ನದೇ ಬಾಬಾ. ಇಡುವಾಗ ತಾಗಿರಬೇಕು. ಕೊಡಿ, ಒರೆಸಿ ಕೊಡ್ತೇನೆ."

"ಇನ್ನೇನು ಒರೆಸ್ತೀಯ? ಇಲ್ಲಿ ನನ್ನ ಅಪ್ಪನ ಬೆರಳಿತ್ತು."

ಅಯ್ಯೋ ದೇವರೇ! ಇವರು ಕಾಲು ಹಿಡಿದು ಅತ್ತರು. ಬಾಬಾ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

"ಖಲಾಸ್, ಕೊಗ್ಗ," ಎಂದು ಡಬ್ಬಿಯನ್ನು ಇವರ ಕೈಗಿಟ್ಟರು. "ನೀನೇ ಇಟ್ಟುಕೋ. ಈಗ ಇದು ಬರೀ ಚಿನ್ನ."

ಶುಕ್ರವಾರ ನಮಾಜಿನಿಂದ ಬಂದ ಬಾಬಾ ಅದೇ ಕುರ್ಚಿಯಲ್ಲಿ ಕುಳಿತರು. ಹೊಸ ಕಣ್ಣುಗಳನ್ನು ಮುಚ್ಚಿಕೊಂಡೇ ಇದ್ದರು.