ಅಮಾಸೆ ಉಣ್ಮೆಯಾದ ಮಧ್ಯಾಹ್ನ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಶ್ರೀರಂಗಪಟ್ಟಣದ ಹೈವೇ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವನು ದುಬೈಗೆ ಹೋಗಿ, ಅಲ್ಲೊಂದು ಅಡುಗೆಮನೆಯಲ್ಲಿ ದುಡಿದು, ತೊಂಬತ್ತರ ದಶಕದ ನಡುವೆ ಕ್ಯಾತನಹಳ್ಳಿಗೆ ವಾಪಸು ಬಂದೆ. ಬಂದು ನೋಡಿದರೆ, ಸಂತೆಬಾಚಹಳ್ಳಿಯಲ್ಲಿ ನನ್ನ ಹೆಂಡತಿಯ ಅಪ್ಪ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದರು: "ನಮ್ಮಳಿಮಯ್ಯ ಅಲ್ಲಿ ಎಂಜಲು ತಟ್ಟೆ ತೊಳೀತಿದ್ನಂತೆ ಕಣ್ರಲಾ."

ತೊಳೆದದ್ದು ಸುಳ್ಳಲ್ಲ, ಶುರುವಿನಲ್ಲಿ. ಆಮೇಲೆ ಅಲ್ಲಿನ ಹಮ್ಮಸ್, ಅಂದರೆ ಅರಬರು ರೊಟ್ಟಿಗೆ ಹಚ್ಚಿ ತಿನ್ನುವ ಕಡಲೆ ಚಟ್ನಿ, ಪೂರ್ತಿ ನನ್ನ ಕೈಯದೇ. ಮಾವನ ಬಾಯಿಂದಲೇ "ಅಡುಗೆಯವನು" ಅನ್ನಿಸದೆ ಬಿಡಬಾರದೆಂದು ಹಠ ಹಿಡಿದು, ಒಂದು ಭಾನುವಾರ ಊಟಕ್ಕೆ ಕರೆಸಿದೆ.

ಹಿಂದಿನ ಸಂಜೆಯೇ ಕಾಬೂಲ್ ಕಡಲೆ ನೆನೆಹಾಕಿದ್ದೆ. ಹಿಚುಕಿದರೆ ಹಿಟ್ಟಾಗುವಂತೆ ಬೇಯಿಸಿ, ನೀರಿನಲ್ಲಿ ಉಜ್ಜಿ ಸಿಪ್ಪೆ ಕಳೆಯತೊಡಗಿದೆ. "ಇತ್ಕಿದ ಬೇಳೆ ಮಾಡ್ದಂಗೇ ಬುಡಿ, ಇದೇನ್ ಮಹಾ" ಎನ್ನುತ್ತ ಹೆಂಡತಿಯೂ ಕೂತಳು. ಬಿಳಿ ಎಳ್ಳನ್ನು ಕೆಂಪಗಾಗದಂತೆ ಹುರಿದು ಒರಳಿಗೆ ಹಾಕಿದೆ. ಎಣ್ಣೆ ಬಿಡುವ ತನಕ ಗುಂಡುಕಲ್ಲು ತಿರುಗಿಸಬೇಕು. ತೋಳು ಸೋತರೂ ನಾನು ಸೋಲಲಿಲ್ಲ. ಆಮೇಲೆ ಕಡಲೆ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ. ಬೆಣ್ಣೆಯಂತೆ ಬಂತು. ತಟ್ಟೆಯಲ್ಲಿ ಹರಡಿ, ನಡುವೆ ಗುಳಿ ಮಾಡಿ, ಕಡ್ಲೆಕಾಯಿ ಎಣ್ಣೆ ಬಿಟ್ಟೆ.

ಮಾವ ಬಂದು ಕೂತರು. "ಏನವ್ವಾ ಅಡ್ಗೆ?" ಎಂದು ಮಗಳನ್ನು ಕೇಳಿದರು.

"ಅಮ್ಮಸ್ಸು ಕಣಪ್ಪ." ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.

"ಅಮಾಸೆ ಇವತ್ತಲ್ವಲ್ಲವ್ವಾ?"

ನಾನು ನಗುತ್ತ ತಟ್ಟೆ ತಂದಿಟ್ಟೆ. "ಇದ್ಕೇನಾಕಿದ್ದೀಯಪ್ಪ?" ಎಂದರು.

"ಕಡ್ಲೆ ಮಾವ, ಆಮೇಲೆ ಎಳ್ಳು..."

ಚಾಚಿದ ಕೈ ಹಿಂದಕ್ಕೆ ಹೋಯಿತು. ಅಮಾವಾಸ್ಯೆ, ಎಳ್ಳು ಎರಡೂ ಸೇರಿದರೆ ಅದು ಸತ್ತವರ ಪಾಲು. "ಲೇ, ನಾನಿನ್ನೂ ಬದುಕಿವ್ನಿ ಕಣ್ಲಾ! ಈಗ್ಲೇ ಎಡೆ ಇಕ್ತಿದ್ದೀಯಾ?"

ಹೆಂಡತಿಯ ಮುಖ ಬಿಳಿಚಿಕೊಂಡಿತು. ಬೆಳಗಿನಿಂದ ರುಬ್ಬಿದ್ದು ಒಂದು ಹೆಸರಿಗಾಗಿ ಮಣ್ಣುಪಾಲಾಗಬೇಕೆ?

"ಸಂಕ್ರಾಂತೀಲಿ ಎಳ್ಳುಬೆಲ್ಲ ಕೊಟ್ಟು ಏನಂತೀರಿ ಮಾವ?"

"ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತೀವಿ. ಅದ್ಕೇನೀಗ?"

"ಅದ್ಕೇ ಇಕ್ಕಿವ್ನಿ. ಸಂತೆಬಾಚಳ್ಳೀಲಿ ನನ್ ಬಗ್ಗೆ ಆಡ್ತಿದ್ದೀರಲ್ಲ, ಆ ಬಾಯ್ಗೆ ಒಸಿ ಎಳ್ಳು ಬೇಕಾಗ್ಯದೆ."

ಮಾವ ನನ್ನನ್ನೇ ದಿಟ್ಟಿಸಿದರು. ಮೀಸೆಯಡಿ ನಗು ಕಂಡಿತು. ಅಕ್ಕಿರೊಟ್ಟಿ ಮುರಿದು, ಉಗುರಿನಷ್ಟು ಸವರಿ ಬಾಯಿಗಿಟ್ಟರು. ಎರಡನೇ ತುತ್ತಿಗೆ ಅಂಗೈಯಷ್ಟು ಬಳಿದುಕೊಂಡರು. ಆಮೇಲೆ ರೊಟ್ಟಿ ಪಕ್ಕಕ್ಕೆ ಸರಿಸಿ, "ಮುದ್ದೆ ಅದೆಯೇನವ್ವಾ?" ಎಂದರು. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ. ಮುದ್ದೆಗೆ ಒಗ್ಗಿದರೆ ಮಾತ್ರ ಅದು ಊಟ. ಬಿಸಿ ಮುದ್ದೆ ಮುರಿದು, ಹಮ್ಮಸ್ಸಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದರು.

"ಇನ್ನೊಸಿ ಇಕ್ಲಾ."

ಇಕ್ಕಿದೆ. ಬೆಳ್ಳಗೆ ಗುಂಡಗೆ ಹರಡಿದ್ದನ್ನು ನೋಡಿ ತಲೆಯಾಡಿಸಿದರು. "ಇದ್ಯಾವ ಸೀಮೆ ಅಮಾಸೆ? ಇದು ಉಣ್ಮೆ ಕಣ್ಲಾ, ಉಣ್ಮೆ!"

ಹುಣ್ಣಿಮೆಯ ಹಕಾರವೂ ಅವರ ಬಾಯಲ್ಲಿ ನಿಲ್ಲಲಿಲ್ಲ; ಅಂದಿನಿಂದ ನಮ್ಮ ಮನೆಯಲ್ಲಿ ಹಮ್ಮಸ್ಸಿನ ಹೆಸರೇ ಉಣ್ಮೆ. ಮುಂದಿನ ಸಂತೆಗೆ ನಾನೂ ಸಂತೆಬಾಚಹಳ್ಳಿಗೆ ಹೋಗಿದ್ದೆ. ಟೀ ಅಂಗಡಿ ಮುಂದೆ ಮಾವನ ಗಂಟಲು ದೂರಕ್ಕೇ ಕೇಳಿತು:

"ತಟ್ಟೆ ತೊಳೆಯೋನು ಅಂದೋನ್ಯಾವನ್ಲಾ? ನಮ್ಮಳಿಮಯ್ಯ ಅಡ್ಗೆಯವ್ನು ಕಣ್ರಲಾ, ಅಡ್ಗೆಯವ್ನು!"